ಬ್ಲೂ ಟ್ಯಾಂಗ್ ಮೈಮೇಲೆ ಬಿಳಿ ಚುಕ್ಕಿ: ಮದ್ದಿಗೆ ಮುಂಚೆ ಉಸಿರು ಎಣಿಸಿ

ಸರ್, ನಿಮ್ಮ ಪೋಸ್ಟ್ ನೋಡಿದೆ. 300 ಲೀಟರಿನ ಉಪ್ಪುನೀರಿನ ಟ್ಯಾಂಕ್, ಒಂದು ಬ್ಲೂ ಟ್ಯಾಂಗ್ ಮೀನು, ಎರಡು ಕ್ಲೌನ್ ಮೀನು, ಸ್ವಲ್ಪ ಸಾಫ್ಟ್ ಕೋರಲ್ (ಮೆತ್ತನೆ ಹವಳ), ಒಂದು ಕ್ಲೀನರ್ ಸೀಗಡಿ. ನಿನ್ನೆ ಸಂಜೆ ಟ್ಯಾಂಗ್ ಮೈತುಂಬ ಬಿಳಿ ಚುಕ್ಕಿ, ಇವತ್ತು ಬೆಳಿಗ್ಗೆ ಮುಕ್ಕಾಲುಪಾಲು ಮಾಯ. ಕ್ಲೌನ್‌ಗಳ ಮೇಲೆ ಏನೂ ಕಾಣುತ್ತಿಲ್ಲ. ಅಂಗಡಿಯವರು ಟ್ಯಾಂಕಿಗೇ ಕಾಪರ್ (ತಾಮ್ರದ ಮದ್ದು) ಹಾಕಿ ಅಂದಿದ್ದಾರೆ. ಕಾಮೆಂಟಿನಲ್ಲಿ ಒಬ್ಬರು ಹೀಟರ್ 30 ಡಿಗ್ರಿಗೆ ಏರಿಸಿ ಅಂದಿದ್ದಾರೆ.

ಎರಡೂ ಮಾಡಬೇಡಿ. ಮೇನ್ ಟ್ಯಾಂಕಿಗೆ ಕಾಪರ್ ಬಿದ್ದರೆ ಸೀಗಡಿ, ಬಸವನಹುಳು, ಕೋರಲ್ ಎಲ್ಲ ಹೋಗುತ್ತವೆ. ಮೇಲಾಗಿ ಲೈವ್ ರಾಕ್ (ಬ್ಯಾಕ್ಟೀರಿಯಾ ನೆಲೆಸಿರುವ ಕಲ್ಲು) ಮತ್ತು ಮರಳು ಕಾಪರ್ ಹೀರಿಕೊಳ್ಳುತ್ತವೆ. ಹಾಗಾಗಿ ನೀರಿನಲ್ಲಿ ಮದ್ದಿನ ಪ್ರಮಾಣ ನಿಲ್ಲುವುದೇ ಇಲ್ಲ, ಕಾಯಿಲೆಯೂ ವಾಸಿಯಾಗಲ್ಲ. ಇನ್ನು ಹೀಟರ್ ಏರಿಸುವುದು ಸಿಹಿನೀರಿನ ಇಕ್‌ಗೆ, ಅಂದರೆ ಬಿಳಿ ಚುಕ್ಕಿ ಕಾಯಿಲೆಗೆ, ಮಾಡುವ ಉಪಾಯ. ಹೆಸರು ಒಂದೇ ಆದರೂ ಅದು ಬೇರೆ ಜೀವಿ. ಉಪ್ಪುನೀರಿನ ಇಕ್ ತರುವುದು ಕ್ರಿಪ್ಟೋಕ್ಯಾರಿಯಾನ್ ಅನ್ನುವ ಪರಾವಲಂಬಿ. ಬಿಸಿ ಏರಿದಷ್ಟೂ ನೀರಿನಲ್ಲಿ ಆಕ್ಸಿಜನ್ ಕಡಿಮೆ, ಮೊದಲೇ ಏದುಸಿರು ಬಿಡುತ್ತಿರುವ ಮೀನಿಗೆ ಅದು ಇನ್ನೊಂದು ಹೊಡೆತ.

ಮೊದಲು ಇದು ಯಾವ ಕಾಯಿಲೆ ಅಂತ ಗೊತ್ತಾಗಬೇಕು. ಫೋಟೋಗಿಂತ ಉಸಿರಾಟ ಜಾಸ್ತಿ ಹೇಳುತ್ತದೆ. ಗಡಿಯಾರ ಹಿಡಿದು ಒಂದು ನಿಮಿಷ ಕಿವಿರು ಎಷ್ಟು ಸಲ ಬಡಿಯುತ್ತದೆ ಎಣಿಸಿ. ಮೀನು ಒಂದೇ ಕಡೆ ನಿಂತಿದ್ದಾಗ ಎಣಿಸಿ, ಅಟ್ಟಾಡಿಸಿಕೊಂಡು ಬಂದ ಮೇಲೆ ಅಲ್ಲ. ನೂರು ದಾಟಿ ಹೋಗುತ್ತಿದ್ದರೆ, ಊಟ ಬಿಟ್ಟಿದ್ದರೆ, ವೇವ್‌ಮೇಕರ್ (ನೀರು ತಳ್ಳುವ ಪಂಪ್) ಎದುರಿಗೆ ಮುಖ ಕೊಟ್ಟು ನಿಂತಿದ್ದರೆ, ಬೆಳಕು ಕಂಡರೆ ಮೂಲೆ ಸೇರುತ್ತಿದ್ದರೆ ಅದು ವೆಲ್ವೆಟ್ ಅನ್ನುವ ಬೇರೆ ಕಾಯಿಲೆ ಇರಬಹುದು. ಅದನ್ನು ತರುವ ಜೀವಿ ಅಮೈಲೂಡಿನಿಯಂ. ವೆಲ್ವೆಟ್ಟಿನ ಚುಕ್ಕಿ ಎಣಿಸಲು ಬರಲ್ಲ, ನುಣ್ಣನೆ ಧೂಳು ಉದುರಿಸಿದ ಹಾಗೆ ಇರುತ್ತದೆ. ಟಾರ್ಚ್ ಓರೆಯಾಗಿ ಬಿಟ್ಟರೆ ಮಾತ್ರ ಕಾಣುತ್ತದೆ. ಎಷ್ಟೋ ಸಲ ಧೂಳು ಕಾಣುವ ಮೊದಲೇ ಮೀನು ಸತ್ತಿರುತ್ತದೆ, ಯಾಕೆಂದರೆ ಅದು ಮೊದಲು ಹಿಡಿಯುವುದು ಕಿವಿರನ್ನು. ಎರಡು ಮೂರು ದಿನದಲ್ಲಿ ಇಡೀ ಟ್ಯಾಂಕ್ ಖಾಲಿ ಆಗಬಹುದು.

ನೀವು ಹೇಳಿದ್ದು ಓದಿದರೆ ನನಗೆ ಇಕ್ ಅನ್ನಿಸುತ್ತದೆ. ಚುಕ್ಕಿ ಉಪ್ಪಿನ ಕಾಳಿನಷ್ಟು ದಪ್ಪ, ಎಣಿಸಬಹುದು, ಮೀನು ತಿನ್ನುತ್ತಿದೆ, ಆಗಾಗ ಕಲ್ಲಿಗೆ ಮೈ ಉಜ್ಜುತ್ತಿದೆ. ಬೆಳಿಗ್ಗೆ ಚುಕ್ಕಿ ಮಾಯ ಆದದ್ದು ಇನ್ನೂ ದೊಡ್ಡ ಸುಳಿವು. ಈ ಪರಾವಲಂಬಿ ಮೀನಿನ ಚರ್ಮದ ಒಳಗೆ 3ರಿಂದ 7 ದಿನ ಇದ್ದು ಬಲಿಯುತ್ತದೆ. ಆಮೇಲೆ ಹೆಚ್ಚಾಗಿ ಕತ್ತಲಲ್ಲಿ ಮೀನನ್ನು ಬಿಟ್ಟು ಇಳಿದು, ಕಲ್ಲಿಗೋ ಮರಳಿಗೋ ಅಂಟಿ ಗಟ್ಟಿ ಕೋಶ ಕಟ್ಟಿಕೊಳ್ಳುತ್ತದೆ. ಅದರೊಳಗೆ ನೂರಾರು ಮರಿ. ಬೇಗ ಒಡೆಯುವ ಕೋಶ ಮೂರು ದಿನಕ್ಕೇ ಒಡೆಯುತ್ತದೆ, ತಡವಾದದ್ದು ಎರಡು ತಿಂಗಳ ಮೇಲೂ ಒಡೆಯಬಹುದು. ಮರಿಗೆ ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಸಾಯುತ್ತದೆ. ಅಂದರೆ ಚುಕ್ಕಿ ಹೋಗಿದ್ದು ವಾಸಿಯಾಗಿ ಅಲ್ಲ, ಈಗ ಅದು ನಿಮ್ಮ ಕಲ್ಲಿನ ಮೇಲೆ ಇದೆ. ಬೆಳ್ಳುಳ್ಳಿ ರಸ, "ರೀಫ್ ಸೇಫ್" (ಕೋರಲ್‌ಗೆ ಹಾನಿಯಿಲ್ಲ) ಅಂತ ಮಾರುವ ಮದ್ದು ಇವಕ್ಕೆಲ್ಲ ಒಳ್ಳೆ ಹೆಸರು ಬಂದಿರುವುದು ಈ ಮಾಯವಾಗುವ ಬೆಳಿಗ್ಗೆಯಿಂದಲೇ. ಏನೂ ಹಾಕದಿದ್ದರೂ ಚುಕ್ಕಿ ಹೋಗುತ್ತಿತ್ತು.

ಕ್ಲೌನ್ ಚೆನ್ನಾಗಿದೆ ಅಂತ ಅದನ್ನು ಅಲ್ಲೇ ಬಿಡಬೇಡಿ. ಕ್ಲೌನ್ ಮೈಮೇಲೆ ಲೋಳೆ ದಪ್ಪ, ಚುಕ್ಕಿ ಬೇಗ ಕಾಣಲ್ಲ, ಕಿವಿರಿನಲ್ಲಿ ಒಂದೆರಡು ಇದ್ದರೂ ಸಾಕು. ಟ್ಯಾಂಗ್‌ಗಳಿಗೆ ಬೇಗ ತಗಲುತ್ತದೆ, ಬೇಗ ಕಾಣುತ್ತದೆ, ಅಷ್ಟೇ ವ್ಯತ್ಯಾಸ. ಮೀನು ಅಂತ ಇರುವುದೆಲ್ಲ ಆಚೆ ಬರಬೇಕು.

ಇಲ್ಲೇ ಇನ್ನೊಂದು ಮಾತು. ಹೊಸದಾಗಿ ತಂದ ಕ್ಲೌನ್ ಮೈಯಿಂದ ಬಿಳಿ ಲೋಳೆ ಎಳೆ ಎಳೆಯಾಗಿ ಬಿಡುತ್ತಿದ್ದರೆ ಅದು ಬ್ರೂಕ್ಲಿನೆಲ್ಲಾ ಅನ್ನುವ ಇನ್ನೊಂದು ಪರಾವಲಂಬಿ ಇರಬಹುದು. ಅದಕ್ಕೆ ಕಾಪರ್ ಕೆಲಸ ಮಾಡಲ್ಲ. 37 ಪರ್ಸೆಂಟ್ ಫಾರ್ಮಲಿನ್ ಲೀಟರಿಗೆ 0.15ರಿಂದ 0.25 ಎಂಎಲ್ ಲೆಕ್ಕದಲ್ಲಿ ಬೇರೆ ಬಕೆಟ್‌ನಲ್ಲಿ ಟ್ಯಾಂಕಿನದೇ ಉಪ್ಪುನೀರಿಗೆ ಬೆರೆಸಿ, ಜೋರಾಗಿ ಗಾಳಿ ಬಿಟ್ಟು, ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಸ್ನಾನ. ಮೀನು ವಾಲಿದರೆ ತಕ್ಷಣ ತೆಗೆಯಿರಿ. ಬಾಟಲಿಯ ತಳದಲ್ಲಿ ಬಿಳಿ ಗಸಿ ಕೂತಿದ್ದರೆ ಆ ಫಾರ್ಮಲಿನ್ ಬಳಸಲೇಬೇಡಿ. ಫಾರ್ಮಲಿನ್ ಕ್ಯಾನ್ಸರ್ ತರುವ ವಸ್ತು, ಗ್ಲೌಸ್ ಹಾಕಿ, ಬಾಲ್ಕನಿಯಲ್ಲಿ ಮಾಡಿ, ಮಕ್ಕಳಿರುವ ಮನೆಯಲ್ಲಿ ಬೀಗ ಹಾಕಿಡಿ.

ಈಗ ಹಾಸ್ಪಿಟಲ್ ಟ್ಯಾಂಕ್, ಅಂದರೆ ಮೀನನ್ನು ಬೇರೆ ಇಟ್ಟು ಮದ್ದು ಮಾಡುವ ಟ್ಯಾಂಕ್. ನಿಮ್ಮ ಟ್ಯಾಂಗಿಗೆ 80ರಿಂದ 100 ಲೀಟರ್ ಸಾಕು. (ಬ್ಲೂ ಟ್ಯಾಂಗ್ ಒಂದು ಅಡಿ ಬೆಳೆಯುತ್ತದೆ, 300 ಲೀಟರ್ ಅದಕ್ಕೆ ಚಿಕ್ಕದು. ಆ ಜಗಳ ವಾಸಿಯಾದ ಮೇಲೆ ಆಡೋಣ.) ಮರಳು ಬೇಡ, ಕಲ್ಲು ಬೇಡ. ಅಡಗಲು ಪಿವಿಸಿ ಪೈಪಿನ ತುಂಡು, ಎಲ್ಬೋ ಹಾಕಿ. ಹೀಟರ್, ಸ್ಪಾಂಜ್ ಫಿಲ್ಟರ್, ಏರ್ ಪಂಪ್. ಕರೆಂಟ್ ಹೋಗುವ ಏರಿಯಾ ಆದರೆ ಬ್ಯಾಟರಿ ಏರ್ ಪಂಪ್ ಮೊದಲೇ ತಂದಿಡಿ. ಫಿಲ್ಟರಿಗೆ ಕಾರ್ಬನ್ (ಇದ್ದಿಲು) ಹಾಕಬೇಡಿ, ಮದ್ದನ್ನು ಎಳೆದುಬಿಡುತ್ತದೆ. ಮೀನು ಹಿಡಿಯುವಾಗ ಬಲೆ ಹಿಡಿದು ಓಡಾಡಿಸಬೇಡಿ. ಅರ್ಧ ನೀರು ಡ್ರಮ್ಮಿಗೆ ತೆಗೆದು, ಕಲ್ಲು ಎತ್ತಿಟ್ಟು ಹಿಡಿದರೆ ಬೇಗ ಮುಗಿಯುತ್ತದೆ. ಬ್ಲೂ ಟ್ಯಾಂಗ್ ಹೆದರಿದರೆ ಪಕ್ಕಕ್ಕೆ ಮಲಗಿ ಸತ್ತ ಹಾಗೆ ನಾಟಕ ಮಾಡುತ್ತದೆ, ಗಾಬರಿ ಆಗಬೇಡಿ.

ಕಾಪರ್ ಬಗ್ಗೆ ಸ್ವಲ್ಪ ನಿಧಾನಕ್ಕೆ ಓದಿ, ಮೀನು ಸಾಯುವುದು ಹೆಚ್ಚಾಗಿ ಇಲ್ಲೇ. ಕಾಪರ್ ಅಂದರೆ ಒಂದೇ ಮದ್ದು ಅಲ್ಲ. ಕಾಪರ್ ಪವರ್ ಥರದ ಚಿಲೇಟೆಡ್ ಕಾಪರ್ (ಬೇರೆ ರಾಸಾಯನಿಕಕ್ಕೆ ಕಟ್ಟಿಹಾಕಿದ ತಾಮ್ರ) ಆದರೆ ನೀರಿನಲ್ಲಿ 2ರಿಂದ 2.5 ಪಿಪಿಎಂ (ಲೀಟರಿಗೆ ಇಷ್ಟು ಮಿಲಿಗ್ರಾಂ) ಇರಬೇಕು. ಕ್ಯುಪ್ರಮೀನ್ ಅನ್ನುವ ಬ್ರ್ಯಾಂಡ್ ಆದರೆ 0.5 ಪಿಪಿಎಂ ಮಾತ್ರ. ಒಂದರ ಲೆಕ್ಕ ಇನ್ನೊಂದಕ್ಕೆ ಹಾಕಿದರೆ ಮೀನು ಉಳಿಯಲ್ಲ. ಹಾಗಾಗಿ ಬಾಟಲಿ ಯಾವುದು ಅಂತ ಗೊತ್ತಿಲ್ಲದೆ ಯಾರಾದರೂ "ಇಷ್ಟು ಎಂಎಲ್ ಹಾಕಿ" ಅಂದರೆ ಕೇಳಬೇಡಿ, ನಾನೇ ಅಂದರೂ ಕೇಳಬೇಡಿ. ಒಂದೇ ಸಲ ಪೂರ್ತಿ ಹಾಕದೆ ಮೂರು ನಾಲ್ಕು ದಿನದಲ್ಲಿ ಏರಿಸಿ. ಬಣ್ಣ ನೋಡಿ ಹೇಳುವ ಕಿಟ್‌ನಲ್ಲಿ 1.5ಕ್ಕೂ 2ಕ್ಕೂ ವ್ಯತ್ಯಾಸ ಗೊತ್ತಾಗಲ್ಲ. ಚಿಲೇಟೆಡ್ ಕಾಪರಿಗೆ ಹ್ಯಾನಾ ಹೈ ರೇಂಜ್ ಚೆಕರ್ (ಅಂಕಿಯಲ್ಲೇ ತೋರಿಸುವ ಮೀಟರ್) ತಗೊಳ್ಳಿ. ಬೆಲೆ ಜಾಸ್ತಿ, ನಿಜ. ಟ್ಯಾಂಗ್ ಬೆಲೆ ಇನ್ನೂ ಜಾಸ್ತಿ ಅಲ್ವಾ.

ಪೂರ್ತಿ ಪ್ರಮಾಣ ಮುಟ್ಟಿದ ದಿನದಿಂದ 30 ದಿನ ಹಾಗೇ ಇರಬೇಕು. ಮಧ್ಯೆ ಒಂದು ದಿನ ಕೆಳಗಿಳಿದರೂ ಎಣಿಕೆ ಮತ್ತೆ ಒಂದರಿಂದ. ಇನ್ನೊಂದು ಒಣಗಿದ, ಸ್ವಚ್ಛ ಟ್ಯಾಂಕ್ ಇದ್ದರೆ 14 ದಿನಕ್ಕೆ ಅದಕ್ಕೆ ವರ್ಗಾಯಿಸಿ ಕಾಪರ್ ನಿಲ್ಲಿಸಬಹುದು. ನೀರು ಬದಲಿಸುವಾಗ ಹೊಸ ನೀರಿಗೂ ಅಷ್ಟೇ ಕಾಪರ್ ಬೆರೆಸಿ ಹಾಕಿ.

ಆ 30 ದಿನದಲ್ಲಿ ಇಕ್‌ಗಿಂತ ಅಮೋನಿಯಾವೇ ಮೀನು ಕೊಲ್ಲುವ ಸಾಧ್ಯತೆ ಹೆಚ್ಚು. ಹೊಸ ಟ್ಯಾಂಕಿನಲ್ಲಿ ಮೀನಿನ ಗಲೀಜಿನ ಅಮೋನಿಯಾ ಕರಗಿಸುವ ಬ್ಯಾಕ್ಟೀರಿಯಾ ಇರಲ್ಲ. ಬಾಟಲಿ ಬ್ಯಾಕ್ಟೀರಿಯಾ ಹಾಕಿ, ಕಡಿಮೆ ತಿನ್ನಿಸಿ, ಉಳಿದದ್ದನ್ನು ಪೈಪಿನಿಂದ ಎಳೆಯಿರಿ, ದಿನಾ ಅಮೋನಿಯಾ ನೋಡಿ. ಏರಿದರೆ ಅರ್ಧ ನೀರು ಬದಲಿಸಿ. ಅಮೋನಿಯಾ ತಗ್ಗಿಸುವ ಪ್ರೈಮ್ ಥರದ ದ್ರಾವಣವನ್ನು ಕಾಪರ್ ಇರುವ ನೀರಿಗೆ ಮಾತ್ರ ಸೇರಿಸಬೇಡಿ. ಎರಡೂ ಸೇರಿದರೆ ಕಾಪರ್ ಇನ್ನೂ ವಿಷವಾಗುತ್ತದೆ.

ಕಾಪರ್ ಬೇಡ ಅನ್ನುವವರಿಗೆ ಇಕ್‌ಗೆ ಇನ್ನೆರಡು ದಾರಿ ಇದೆ. ಒಂದು, ಟ್ಯಾಂಕ್ ಬದಲಿಸುವುದು. ಎರಡು ಪ್ಲಾಸ್ಟಿಕ್ ಟಬ್, ಎರಡು ಜೊತೆ ಸಾಮಾನು. 72 ಗಂಟೆ ದಾಟುವ ಮೊದಲೇ ಮೀನನ್ನು ಹೊಸ ನೀರಿನ ಟಬ್ಬಿಗೆ ಹಾಕಿ, ಹಳೆಯದನ್ನು ತೊಳೆದು ಪೂರ್ತಿ ಒಣಗಿಸಿ. ಹೀಗೆ ನಾಲ್ಕು ಸಲ. ಕೋಶ ಒಡೆಯುವ ಹೊತ್ತಿಗೆ ಮೀನು ಅಲ್ಲಿ ಇರಲ್ಲ. ಮದ್ದಿಲ್ಲ, ಆದರೆ ಉಪ್ಪು ಖರ್ಚು, ಕೆಲಸವೂ ಖರ್ಚು. ಇನ್ನೊಂದು, ಎರಡು ದಿನದಲ್ಲಿ ನೀರಿನ ಉಪ್ಪು ಕಡಿಮೆ ಮಾಡಿ ಅದರ ಸ್ಪೆಸಿಫಿಕ್ ಗ್ರಾವಿಟಿಯನ್ನು (ಸಿಹಿನೀರಿಗೆ ಹೋಲಿಸಿದ ಸಾಂದ್ರತೆ) 1.009ಕ್ಕೆ ಇಳಿಸಿ, ಕೊನೆಯ ಚುಕ್ಕಿ ಹೋದ ಮೇಲೆ ನಾಲ್ಕು ವಾರ ಇಡುವುದು. ಇದಕ್ಕೆ ಸರಿಯಾಗಿ ಕ್ಯಾಲಿಬ್ರೇಟ್ ಮಾಡಿದ ರಿಫ್ರಾಕ್ಟೋಮೀಟರ್ (ಉಪ್ಪಿನಂಶ ಅಳೆಯುವ ಕೊಳವೆ) ಬೇಕೇ ಬೇಕು, ಮುಳ್ಳು ತೂಗಾಡುವ ಪ್ಲಾಸ್ಟಿಕ್ ಡಬ್ಬಿಯ ಹೈಡ್ರೋಮೀಟರ್ ನಂಬಬೇಡಿ. 1.012ರಲ್ಲಿ ನಿಂತರೆ ಸುಮ್ನೆ ಮೀನಿಗೆ ಹಿಂಸೆ. ಮತ್ತೆ ಮೇಲೇರಿಸುವಾಗ ದಿನಕ್ಕೆ 0.001 ಅಥವಾ 0.002, ಅಷ್ಟೇ. ನೆನಪಿರಲಿ, ಈ ಎರಡೂ ವೆಲ್ವೆಟ್‌ಗೆ ನಡೆಯಲ್ಲ. ಉಸಿರು ಎಣಿಸಿ ಅಂತ ಮೊದಲೇ ಹೇಳಿದ್ದು ಅದಕ್ಕೇ.

ಕಲ್ಲಿನ ಮೇಲಿನ ಕೋಶ ಒಡೆದು ಮರಿಗಳು ಮೀನು ಸಿಗದೆ ಸಾಯಲಿ ಅಂತ ಮೇನ್ ಟ್ಯಾಂಕನ್ನು ಮೀನಿಲ್ಲದೆ 76 ದಿನ ಬಿಡುವುದು ಹವ್ಯಾಸಿಗಳು ಪಾಲಿಸುವ ಲೆಕ್ಕ. 27 ಡಿಗ್ರಿಯಲ್ಲಿ ಇಟ್ಟರೆ 45 ದಿನ ಸಾಕು ಅನ್ನುವವರೂ ಇದ್ದಾರೆ. ನಾನು 76ರ ಪಾರ್ಟಿ. ಕೋರಲ್, ಸೀಗಡಿ, ಬಸವನಹುಳು ಅಲ್ಲೇ ಇರಲಿ, ಅವಕ್ಕೆ ಇಕ್ ಬರಲ್ಲ. ಬ್ಯಾಕ್ಟೀರಿಯಾ ಬದುಕಲು ಆಗಾಗ ಚಿಟಿಕೆ ಆಹಾರ ಹಾಕುತ್ತಿರಿ. ಈ ಅವಧಿಯಲ್ಲಿ ಹೊಸ ಕೋರಲ್, ಹೊಸ ಬಸವನಹುಳು ತರಬೇಡಿ. ಅದರ ಚಿಪ್ಪಿನ ಮೇಲೆ ಕೋಶ ಅಂಟಿಕೊಂಡು ಬಂದರೆ ಎಣಿಕೆ ಮತ್ತೆ ಶುರು. ಎರಡು ಟ್ಯಾಂಕಿಗೂ ಒಂದೇ ಬಲೆ, ಒಂದೇ ಮಗ್ ಬಳಸಬೇಡಿ. ಒದ್ದೆ ಕೈಯಲ್ಲಿ ಇದರಿಂದ ಅದಕ್ಕೆ ಹೋಗಬೇಡಿ.

ಇವತ್ತು ರಾತ್ರಿಯೊಳಗೆ ಇಲ್ಲಿ ಮೂರು ವಿಷಯ ಪೋಸ್ಟ್ ಮಾಡಿ: ಟ್ಯಾಂಗ್ ಉಸಿರಿನ ಎಣಿಕೆ, ಬಿಳಿ ಲೈಟಿನಲ್ಲಿ ತೆಗೆದ ವಿಡಿಯೋ (ನೀಲಿ ಲೈಟಿನಲ್ಲಿ ಏನೂ ತಿಳಿಯಲ್ಲ), ಅಂಗಡಿಯಿಂದ ತಂದಿದ್ದರೆ ಕಾಪರ್ ಬಾಟಲಿಯ ಲೇಬಲ್. ಉಸಿರು ನೂರರ ಮೇಲಿದ್ದರೆ ನನ್ನ ಉತ್ತರಕ್ಕೆ ಕಾಯದೆ ಮೀನುಗಳನ್ನು ಆಚೆ ತೆಗೆಯಿರಿ.