ಕಣ್ಣು ಮಸುಕು, ಕೂದಲು ಸ್ಪಷ್ಟ: ತಪ್ಪು ಕ್ಯಾಮೆರಾದ್ದೋ, ಲೆನ್ಸಿನದೋ, ಕೈಯದೋ?

ರೇಂಜ್‌ಫೈಂಡರ್ ಎಂದರೆ ಎರಡು ಬಿಂಬಗಳನ್ನು ಒಂದಾಗಿಸಿ ಫೋಕಸ್ ಮಾಡುವ ವ್ಯವಸ್ಥೆ, ಅಪರ್ಚರ್ ಎಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ; ಇದಕ್ಕಿಂತ ಹೆಚ್ಚು ಇಲ್ಲಿ ವಿವರಿಸುವುದಿಲ್ಲ. ಈ ಬಾರಿಯ ಜಾಗದ ಬಹುಪಾಲನ್ನು ಒಂದೇ ಪ್ರಶ್ನೆಗೆ ಕೊಟ್ಟಿದ್ದೇನೆ. ಊರು ಬೇರೆ, ಲೆನ್ಸ್ ಬೇರೆ ಆದರೂ ದೂರು ಮಾತ್ರ ಬದಲಾಗದೆ ಬರುತ್ತಲೇ ಇದೆ.

ಪ್ರಶ್ನೆ: ಲೈಕಾ ಎಂ3 ರೇಂಜ್‌ಫೈಂಡರ್ ಕ್ಯಾಮೆರಾಕ್ಕೆ ಅಡಾಪ್ಟರ್ ಮೂಲಕ ಸೋವಿಯತ್ ಕಾಲದ ಜುಪಿಟರ್-3, 50 ಮಿ.ಮೀ. ಲೆನ್ಸ್ ಹಾಕಿ, ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ನಮ್ಮ ಅಜ್ಜಿಯ ಚಿತ್ರಗಳನ್ನು ಒಂದು ಮೀಟರ್ ದೂರದಿಂದ ಎಫ್ 1.5ರಲ್ಲಿ, ಅಂದರೆ ಅಪರ್ಚರ್ ಪೂರ್ತಿ ತೆರೆದು, ತೆಗೆದೆ. ಕಣ್ಣಿಗೇ ಫೋಕಸ್ ಮಾಡಿದ್ದರೂ ಎಲ್ಲದರಲ್ಲೂ ಕಣ್ಣು ಮಸುಕಾಗಿದೆ, ಕಿವಿಯ ಮುಂದಿನ ನರೆಗೂದಲು ಮಾತ್ರ ಎಳೆಎಳೆಯಾಗಿ ಕಾಣುತ್ತಿದೆ. ಹಳೆಯ ಲೆನ್ಸಿನ ಗುಣವೇ ಹಾಗೆ ಎನ್ನುತ್ತಾರೆ ಒಬ್ಬರು, ಬಿಚ್ಚಿಸಿ ಎನ್ನುತ್ತಾರೆ ಇನ್ನೊಬ್ಬರು. ಏನು ಮಾಡಲಿ? (ತೀರ್ಥಹಳ್ಳಿಯ ಓದುಗರು)

ಉತ್ತರ: ಇಬ್ಬರ ಮಾತನ್ನೂ ಕೇಳಬೇಡಿ. ನರೆಗೂದಲನ್ನು ಎಳೆಎಳೆಯಾಗಿ ತೋರಿಸಬಲ್ಲ ಲೆನ್ಸಿಗೆ ಕಣ್ಣನ್ನು ತೋರಿಸುವ ಶಕ್ತಿ ಇಲ್ಲದಿಲ್ಲ. ಫೋಕಸ್ ತಪ್ಪಿದ ಚಿತ್ರಕ್ಕೆಲ್ಲ ‘ಹಳೆಯ ಲೆನ್ಸಿನ ಸೊಗಸು’ ಎಂದು ಹೆಸರಿಡುವುದು ಸೋಮಾರಿತನ.

ಒಂದು ಮೀಟರ್ ದೂರದಲ್ಲಿ ಎಫ್ 1.5ಕ್ಕೆ ಸ್ಪಷ್ಟವಾಗಿ ಕಾಣುವ ಆಳ ಒಟ್ಟು ಸುಮಾರು 3.5 ಸೆಂ.ಮೀ. ಮಾತ್ರ, ಅಂದರೆ ಕಣ್ಣಿನ ಹಿಂದೆ ಮುಂದೆ ಎರಡು ಬೆರಳಿನಗಲವೂ ಇಲ್ಲ. ಇನ್ನು ಜುಪಿಟರ್-3 ಹುಟ್ಟಿದ್ದು ಲೈಕಾಕ್ಕಾಗಿ ಅಲ್ಲ. ಅದರ ಮೂಲ 1930ರ ದಶಕದಲ್ಲಿ ಲುಡ್ವಿಗ್ ಬರ್ಟೆಲೆ ಜರ್ಮನಿಯ ಝೈಸ್ ಕಂಪನಿಗಾಗಿ ರೂಪಿಸಿದ ಸೋನಾರ್. ಝೈಸ್‌ನ ಕಾಂಟ್ಯಾಕ್ಸ್ ಕ್ಯಾಮೆರಾ ಪ್ರಮಾಣವೆಂದು ಹಿಡಿದದ್ದು 52.4 ಮಿ.ಮೀ. ನಾಭಿದೂರವನ್ನು (ಫೋಕಲ್ ಲೆಂತ್), ಲೈಕಾದ ರೇಂಜ್‌ಫೈಂಡರ್ ನಂಬಿರುವುದು 51.6 ಮಿ.ಮೀ.ಅನ್ನು. ಸೋವಿಯತ್ ಲೆನ್ಸ್‌ಗಳು ಮೊದಲನೆಯ ಲೆಕ್ಕವನ್ನೇ ಉಳಿಸಿಕೊಂಡವು. ಹಾಗಾಗಿ ಇನ್ಫಿನಿಟಿಯಲ್ಲಿ, ಅಂದರೆ ಅತಿ ದೂರದ ಫೋಕಸ್‌ನಲ್ಲಿ, ಸರಿಯಾಗಿ ಕೂತ ಲೆನ್ಸ್ ಹತ್ತಿರಕ್ಕೆ ಬಂದಂತೆ ಮುಂದೆ ಚಾಚಬೇಕಾದಷ್ಟು ಚಾಚುವುದಿಲ್ಲ, ಒಂದು ಮೀಟರ್‌ನಲ್ಲಿ ಫೋಕಸ್ ಸುಮಾರು 3 ಸೆಂ.ಮೀ. ಹಿಂದಕ್ಕೆ ಬೀಳುತ್ತದೆ. ವ್ಯೂಫೈಂಡರಿನಲ್ಲಿ ಎರಡು ಬಿಂಬಗಳು ಒಂದಾಗಿ ಕಂಡರೂ ಇದು ತಪ್ಪದು.

ಎರಡನೆಯ ತಪ್ಪು ನಿಮ್ಮದೇ ಇರಬಹುದು. ಫೋಕಸ್ ಚೌಕ ಇರುವುದು ನಟ್ಟನಡುವೆ. ಕಣ್ಣಿಗೆ ಫೋಕಸ್ ಮಾಡಿ, ಆಮೇಲೆ ಕ್ಯಾಮೆರಾವನ್ನು ಕೆಳಕ್ಕೆ ಬಾಗಿಸಿ ಮುಖವನ್ನು ಚೌಕಟ್ಟಿನ ಮೇಲ್ಭಾಗಕ್ಕೆ ತಂದಿರುತ್ತೀರಿ. ಕಣ್ಣು ನಡುವಿನಿಂದ 20 ಸೆಂ.ಮೀ. ಮೇಲೆ ಹೋದರೆ ಫೋಕಸ್ ಇನ್ನೂ ಸುಮಾರು 2 ಸೆಂ.ಮೀ. ಹಿಂದೆ ಸರಿಯುತ್ತದೆ. ಎರಡೂ ತಪ್ಪುಗಳು ಒಂದೇ ದಿಕ್ಕಿನವು, ಕೂಡಿದರೆ 5 ಸೆಂ.ಮೀ.; ಹೆಚ್ಚುಕಡಿಮೆ ನಿಮ್ಮ ಅಜ್ಜಿಯ ನರೆಗೂದಲು ಇರುವ ಜಾಗ.

ಊಹೆಯ ಮೇಲೆ ದುಡ್ಡು ಸುರಿಯುವ ಮೊದಲು ಪರೀಕ್ಷಿಸಿ. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು ಒಂದು ಕಿಲೋಮೀಟರಿಗಿಂತ ದೂರದ ಮೊಬೈಲ್ ಟವರನ್ನು ನೋಡಿ. ಮಳೆಗಾಲದ ಮಂಜಿನಲ್ಲಿ ಇದು ಆಗುವ ಕೆಲಸವಲ್ಲ, ಜನವರಿಯ ತಿಳಿ ಬೆಳಗು ಬೇಕು. ಲೆನ್ಸನ್ನು ಇನ್ಫಿನಿಟಿಗೆ ತಿರುಗಿಸಿದಾಗ ಎರಡು ಬಿಂಬಗಳು ಕೂಡದಿದ್ದರೆ, ಬೇರೆ ಲೆನ್ಸ್ ಹಾಕಿ ನೋಡಿ. ಅದರಲ್ಲೂ ಕೂಡದಿದ್ದರೆ ದೋಷ ಕ್ಯಾಮೆರಾದ್ದು. ಕೂಡಿದರೆ ಮೇಜಿನ ಮೇಲೆ ದಿನಪತ್ರಿಕೆಯನ್ನು ಓರೆಯಾಗಿ ನಿಲ್ಲಿಸಿ, ನಡುವಿನ ಒಂದು ಸಾಲಿಗೆ ಗೆರೆ ಎಳೆದು, ಒಂದು ಮೀಟರ್‌ನಿಂದ ಅಪರ್ಚರ್ ಪೂರ್ತಿ ತೆರೆದು ಆ ಸಾಲಿಗೇ ಫೋಕಸ್ ಮಾಡಿ ಚಿತ್ರ ತೆಗೆಯಿರಿ, ಕ್ಯಾಮೆರಾವನ್ನು ಕದಲಿಸಬೇಡಿ. ಹಿಂದಿನ ಸಾಲುಗಳು ಸ್ಪಷ್ಟವಾಗಿ ಬಂದರೆ ತಪ್ಪು ಲೆನ್ಸಿನದು, ಗೆರೆ ಎಳೆದ ಸಾಲೇ ಸ್ಪಷ್ಟವಾದರೆ ತಪ್ಪು ನಿಮ್ಮ ಕೈಯದು.

ಲೆನ್ಸಿನ ತಪ್ಪೆಂದು ಖಚಿತವಾದ ಮೇಲೂ ತಕ್ಷಣ ಬಿಚ್ಚಿಸಬೇಕಿಲ್ಲ. ಕಣ್ಣಿಗೆ ಫೋಕಸ್ ಮಾಡಿ, ಉಸಿರು ಹಿಡಿದು, ಮೈಯನ್ನು ಮೂರು ಸೆಂ.ಮೀ.ನಷ್ಟು ಹಿಂದಕ್ಕೆ ವಾಲಿಸಿ ಒತ್ತಿ. ಅಭ್ಯಾಸವಾದರೆ ಇದು ಸಾಕು. ಅಪರ್ಚರ್ ಕಿರಿದು ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ ಸಲಹೆ ಅರ್ಧ ಸತ್ಯ. ಸೋನಾರ್ ಜಾತಿಯ ಲೆನ್ಸುಗಳಲ್ಲಿ ಅಪರ್ಚರ್ ಕಿರಿದಾದಂತೆ ಫೋಕಸ್ ತಾನೇ ಇನ್ನಷ್ಟು ಹಿಂದೆ ಸರಿಯುತ್ತದೆ, ಎಫ್ 4 ದಾಟಿದ ಮೇಲಷ್ಟೇ ಆಳ ಆ ತಪ್ಪನ್ನು ಮುಚ್ಚಿಕೊಳ್ಳುತ್ತದೆ. ಮುಖಚಿತ್ರಕ್ಕೇ ಈ ಲೆನ್ಸ್ ಮೀಸಲೆಂದಾದರೆ, ಬಲ್ಲವರಿಂದ ಒಳಗೆ ತೆಳುವಾದ ಲೋಹದ ಉಂಗುರ ಹಾಕಿಸಿ ಗಾಜನ್ನು ಕೂದಲೆಳೆಯಷ್ಟು ಮುಂದೆ ತರಿಸಬಹುದು. ಆಗ ದೂರದ ಬೆಟ್ಟ ಕೆಡುತ್ತದೆ, ಅದಕ್ಕೆ ಒಪ್ಪಿಯೇ ಮಾಡಿಸಿ.

ವಾಚ್ ರಿಪೇರಿಯ ಸ್ಕ್ರೂಡ್ರೈವರ್ ಹಿಡಿದು ‘ಅರ್ಧ ಗಂಟೆ ಕೂತಿರಿ ಸಾರ್’ ಎನ್ನುವವರ ಕೈಗೆ ಮಾತ್ರ ಕೊಡಬೇಡಿ. ಫೋಕಸ್ ಉಂಗುರದ ಒಳಗೆ ಹಲವು ಬಾಯಿಗಳ, ಅಂದರೆ ಹಲವು ಕಡೆ ಶುರುವಾಗುವ, ತಿರುಪಿನ ಎಳೆ ಇರುತ್ತದೆ. ಬಿಚ್ಚುವಾಗ ಗುರುತು ಮಾಡಿಕೊಳ್ಳದೆ ಬೇರೆ ಬಾಯಿಗೆ ಸೇರಿಸಿದರೆ ಇನ್ಫಿನಿಟಿ ಮತ್ತೆ ಸಿಗುವುದಿಲ್ಲ. ಹೊಲಿಗೆ ಯಂತ್ರದ ಎಣ್ಣೆ ಬಿಡುವವರಂತೂ ಇನ್ನೂ ಅಪಾಯ. ಅದು ಹರಿದು ಗಾಜಿಗೂ ಅಪರ್ಚರ್ ಎಲೆಗಳಿಗೂ ಹತ್ತುತ್ತದೆ.

ಪ್ರಶ್ನೆ: ಶಿವಮೊಗ್ಗದ ಗಾಂಧಿ ಬಜಾರಿನ ಜನಸಂದಣಿಯಲ್ಲಿ ಫೋಕಸ್ ಮಾಡುವಷ್ಟರಲ್ಲಿ ದೃಶ್ಯವೇ ಹೋಗಿಬಿಡುತ್ತದೆ.

ಉತ್ತರ: ಮಾಡಬೇಡಿ. 35 ಮಿ.ಮೀ. ಲೆನ್ಸನ್ನು ಎಫ್ 8, ಮೂರು ಮೀಟರಿಗೆ ಇಟ್ಟರೆ ಸುಮಾರು ಎರಡರಿಂದ ಏಳು ಮೀಟರ್‌ವರೆಗೆ ಎಲ್ಲವೂ ಸ್ಪಷ್ಟ. ಮೋಡದ ದಿನ 400 ವೇಗದ ಫಿಲಂಗೆ ಷಟರ್ 1/250 ಸಾಕು, ಜಡಿಮಳೆಗೆ 1/60ಕ್ಕೆ ಇಳಿಸಿ.

ಪ್ರಶ್ನೆ: ಲೆನ್ಸಿಗೆ ಬೂಷ್ಟು ಬಾರದಂತೆ ಅಕ್ಕಿ ಡಬ್ಬಿಯಲ್ಲಿ ಇಡಬಹುದೇ?

ಉತ್ತರ: ಅಕ್ಕಿಯನ್ನು ಅನ್ನಕ್ಕೆ ಬಳಸಿ, ಲೆನ್ಸನ್ನು ಚರ್ಮದ ಚೀಲದಿಂದ ಹೊರತೆಗೆದು, ಸಿಲಿಕಾ ಜೆಲ್ ಮತ್ತು ತೇವಾಂಶ ಮಾಪಕ ಇರುವ ಗಾಳಿಯಾಡದ ಡಬ್ಬಿಯಲ್ಲಿ ಶೇ 40ರಿಂದ 50ರ ನಡುವೆ ಇಡಿ.

ಪ್ರಶ್ನೆ: ಚಿನ್ನದ ಬಣ್ಣದ, ಯುದ್ಧಕಾಲದ ಜರ್ಮನ್ ಮುದ್ರೆಯ ಲೈಕಾ ಅಗ್ಗಕ್ಕೆ ಸಿಗುತ್ತಿದೆ.

ಉತ್ತರ: ಅದು ಬಣ್ಣ ಬಳಿದ ಫೆಡ್ ಅಥವಾ ಝೋರ್ಕಿ, ಲೈಕಾವನ್ನು ನಕಲು ಮಾಡಿದ ಸೋವಿಯತ್ ಕ್ಯಾಮೆರಾ.

ಪ್ರಶ್ನೆ: ಎಂ3 ಹಿಡಿದು ಆಗುಂಬೆಯ ಸೂರ್ಯಾಸ್ತಕ್ಕೆ ಹೋಗಬಹುದೇ?

ಉತ್ತರ: ಮುಳುಗುವ ಕೆಂಪು ಸೂರ್ಯನಿಂದ ಅಷ್ಟು ಭಯವಿಲ್ಲ, ಭಯವಿರುವುದು ಅಲ್ಲಿಗೆ ಹೋಗುವ ದಾರಿಯ ಮಧ್ಯಾಹ್ನದಲ್ಲಿ. ಈ ಕ್ಯಾಮೆರಾಗಳಲ್ಲಿ ಕನ್ನಡಿ ಇಲ್ಲದ ಕಾರಣ, ಲೆನ್ಸ್ ಬಿಸಿಲಿಗೆ ಮುಖ ಮಾಡಿದರೆ ಸೂರ್ಯನ ಬಿಂಬ ನೇರವಾಗಿ ಬಟ್ಟೆಯ ಷಟರ್ ಮೇಲೆ ಬಿದ್ದು ತೂತು ಸುಡುತ್ತದೆ. ಕ್ಯಾಪ್ ಹಾಕಿಡಿ. ತೆಗೆಯಲು ಮರೆತರೆ ವ್ಯೂಫೈಂಡರಿನಲ್ಲಿ ಅದು ಗೊತ್ತಾಗುವುದಿಲ್ಲ, ಅದಕ್ಕೆ ನನಗೆ ಪತ್ರ ಬರೆಯಬೇಡಿ.