ಫೋಮ್ ಡ್ರೆಸಿಂಗ್ ಏಳು ದಿನ ನಿಲ್ಲುತ್ತಿಲ್ಲ, ಯಾಕೆ?

ಪ್ರಶ್ನೆ: ನಮ್ಮ ಅತ್ತೆಗೆ 78 ವರ್ಷ. ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದಿದ್ದಾರೆ. ಬಾಲಮೂಳೆಯ ಮೇಲೆ ಎರಡೂವರೆ ಸೆಂಟಿಮೀಟರ್ ಅಗಲದ ಹುಣ್ಣಾಗಿದೆ. ಆಸ್ಪತ್ರೆಯಲ್ಲಿ ಸಿಲಿಕೋನ್ ಫೋಮ್ ಡ್ರೆಸಿಂಗ್ (ದ್ರವ ಹೀರುವ, ಸ್ಪಂಜಿನಂಥ ಅಂಟುಪಟ್ಟಿ) ಹಾಕಿ, ಏಳು ದಿನ ಇರುತ್ತದೆ ಎಂದಿದ್ದರು. ನಮ್ಮಲ್ಲಿ ಎರಡನೇ ದಿನಕ್ಕೇ ಅಂಚು ಏಳುತ್ತದೆ. ಹೈಡ್ರೋಜನ್ ಪೆರಾಕ್ಸೈಡ್‌ನಿಂದ ತೊಳೆದು, ಸುತ್ತ ಕೊಬ್ಬರಿ ಎಣ್ಣೆ ಸವರಿ ಹೊಸದು ಅಂಟಿಸುತ್ತಿದ್ದೇವೆ. ತಪ್ಪೆಲ್ಲಿ?
ಓದುಗರು, ನಾಪೋಕ್ಲು

ಉತ್ತರ: ಅಂಚು ಏಳುವುದಕ್ಕೆ ಎಣ್ಣೆಯೇ ಸಾಕು. ಸಿಲಿಕೋನ್ ಹಿಡಿಯುವುದು ಒಣ ಚರ್ಮವನ್ನು. ಎಣ್ಣೆ, ಪೌಡರ್, ಬೆವರು ಇದ್ದರೆ ಜಾರುತ್ತದೆ. ಒದ್ದೆ ಹುಣ್ಣಿಗೂ ಅಂಟುವುದಿಲ್ಲ. ಈ ಗುಣಕ್ಕಾಗಿಯೇ ಅದಕ್ಕೆ ಅಷ್ಟು ಬೆಲೆ: ಗಾಜ್ (ಗಾಯಕ್ಕೆ ಇಡುವ ತೆಳು ಬಲೆಬಟ್ಟೆ) ಒಣಗಿ ಕಚ್ಚಿಕೊಂಡಾಗ ಚಿಗುರುವ ಮಾಂಸವೂ ಕಿತ್ತು ಬರುವಂತೆ ಇಲ್ಲಿ ಆಗುವುದಿಲ್ಲ. ಪೆರಾಕ್ಸೈಡ್ ಇವತ್ತೇ ನಿಲ್ಲಿಸಿ. ಅದು ಹೊಸ ಜೀವಕೋಶಗಳಿಗೆ ಹಾನಿ ಮಾಡುತ್ತದೆ, ಡ್ರೆಸಿಂಗ್‌ನ ಪಾಲಿಯುರೆಥೇನ್ ಫೋಮನ್ನೂ ಕೆಡಿಸುತ್ತದೆ. ಹೈಪೋಕ್ಲೋರೈಟ್ (ಬ್ಲೀಚ್) ದ್ರಾವಣವೂ ಅಷ್ಟೇ.

ತೊಳೆಯಲು 0.9% ನಾರ್ಮಲ್ ಸಲೈನ್ (ಉಪ್ಪುನೀರಿನ ದ್ರಾವಣ) ಸಾಕು. ಮಳೆಗಾಲದಲ್ಲಿ ಬಾಟಲಿ ತಣ್ಣಗಿರುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಬಳಸಿ. ಸುತ್ತಲಿನ ಚರ್ಮವನ್ನು ಗಾಜ್‌ನಿಂದ ಒತ್ತಿ ಒರೆಸಿ, ಉಜ್ಜಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಏನೂ ಬೇಗ ಒಣಗುವುದಿಲ್ಲವಾದ್ದರಿಂದ ಸ್ನಾನ ಮಾಡಿಸಿದ ಕೂಡಲೇ ಅಂಟಿಸಬೇಡಿ, ಐದು ನಿಮಿಷ ಕಾಯಿರಿ.

ಅಳತೆಯಲ್ಲೇ ಹೆಚ್ಚಿನವರು ಎಡವುತ್ತಾರೆ. ಡಬ್ಬಿಯ ಮೇಲಿನ 10×10 ಎಂದರೆ ಅಂಟಿನ ಅಂಚೂ ಸೇರಿದ ಅಳತೆ, ಒಳಗಿನ ಫೋಮ್ ಅದಕ್ಕಿಂತ ಚಿಕ್ಕದು. ಆ ಫೋಮ್ ಹುಣ್ಣಿನ ಸುತ್ತ ಎರಡು ಸೆಂಟಿಮೀಟರ್ ಹೊರಗೆ ಚಾಚಬೇಕು. ನಿಮ್ಮವರಿಗೆ ಕನಿಷ್ಠ ಆರೂವರೆ ಸೆಂಟಿಮೀಟರ್ ಫೋಮ್ ಬೇಕು. ಬಾಲಮೂಳೆಗೆಂದೇ ಬರುವ ಆಕಾರದ್ದು ಸಿಕ್ಕರೆ ಅದನ್ನೇ ತನ್ನಿ, ಕೆಳ ಅಂಚಿನಿಂದ ಮಲ ಒಳಸೇರುವುದು ಕಡಿಮೆಯಾಗುತ್ತದೆ. ಅಂಟಿನ ಅಂಚು ಇರುವ ಫೋಮನ್ನು ಕತ್ತರಿಸಬೇಡಿ, ಒಳಗಿನ ದ್ರವ ಬದಿಯಿಂದ ಸೋರುತ್ತದೆ. ಎಳೆದು ಅಂಟಿಸಿದರೆ ಚರ್ಮ ಎಳೆದುಕೊಂಡು ಬೊಬ್ಬೆ ಏಳಬಹುದು. ಹಗುರವಾಗಿ ಇಟ್ಟು ಅಂಗೈಯಿಂದ ಒತ್ತಿ.

ಏಳು ದಿನ ಎನ್ನುವುದು ಮೇಲ್ಮಿತಿ. ಹೊರಪದರದ ಮೇಲೆ ಕಾಣುವ ಕಲೆ ಫೋಮಿನ ಅಂಚಿಗೆ ಒಂದು ಸೆಂಟಿಮೀಟರ್ ಹತ್ತಿರ ಬಂದರೆ ಎರಡನೇ ದಿನವಾದರೂ ಬದಲಿಸಿ. ಸುತ್ತಲಿನ ಚರ್ಮ ಬಿಳಿಚಿ ಸುಕ್ಕುಗಟ್ಟಿದ್ದರೆ ತಡವಾಯಿತೆಂದೇ ಅರ್ಥ. ಮಧ್ಯೆ ಚರ್ಮ ನೋಡಬೇಕಾದರೆ ಒಂದು ಮೂಲೆ ಎತ್ತಿ ನೋಡಿ ಮತ್ತೆ ಅಂಟಿಸಬಹುದು.

ಇಷ್ಟೆಲ್ಲ ಮಾಡಿಯೂ ಅವರನ್ನು ಒಂದೇ ಮಗ್ಗುಲಲ್ಲಿ ಬಿಟ್ಟರೆ ಹುಣ್ಣು ಆಳವಾಗುತ್ತದೆ. ಫೋಮ್ ದ್ರವ ಹೀರುತ್ತದೆ, ಒತ್ತಡ ಇಳಿಸುವ ಕೆಲಸ ನಿಮ್ಮದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿ ಓರೆಯಾಗಿ ಮಲಗಿಸಿ. ನಡುವೆ ತೂತಿರುವ ರಿಂಗ್ ದಿಂಬು ಬೇಡ, ಸುತ್ತಲಿನ ಚರ್ಮಕ್ಕೆ ರಕ್ತ ಹೋಗದಂತೆ ಮಾಡುತ್ತದೆ. ದುರ್ವಾಸನೆ, ಸುತ್ತ ಹರಡುವ ಕೆಂಪು, ಜ್ವರ, ಮೂಳೆ ಕಾಣುವುದು: ಇವುಗಳಲ್ಲಿ ಒಂದು ಕಂಡರೂ ಡ್ರೆಸಿಂಗ್ ಅಂಗಡಿಗೆ ಹೋಗಬೇಡಿ, ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಮಾವನಿಗೆ ಸಕ್ಕರೆ ಕಾಯಿಲೆ. ಹೆಬ್ಬೆರಳ ಬುಡದಲ್ಲಿ, ಅಂಗಾಲಿಗೆ ಹುಣ್ಣು. ಗಂಬೂಟು ಹಾಕಿಕೊಂಡು ತೋಟಕ್ಕೆ ಹೋಗುವುದನ್ನು ಬಿಟ್ಟಿಲ್ಲ. ಇದೇ ಫೋಮ್ ಅಂಟಿಸಿ ವಾರ ಬಿಡಬಹುದೇ?
ಓದುಗರು, ಸಿದ್ದಾಪುರ

ಉತ್ತರ: ವಾರ ಬಿಡಬಾರದು. ಕಾಲಿನ ಜೋಮಿನಿಂದ ಅವರಿಗೆ ನೋವು ಗೊತ್ತಾಗದೆ ಇರಬಹುದು, ಕೀವಾದರೂ ತಿಳಿಯುವುದಿಲ್ಲ. ಮೊದಲು ಆಸ್ಪತ್ರೆಯಲ್ಲಿ ಪಾದದ ರಕ್ತಸಂಚಾರ ನೋಡಿಸಿ. ಗಂಬೂಟಿನೊಳಗೆ ದಪ್ಪ ಫೋಮ್ ತುರುಕಿದರೆ ಹುಣ್ಣಿನ ಮೇಲೇ ಒತ್ತಡ ಹೆಚ್ಚುತ್ತದೆ, ಬೆವರು ಬೇರೆ. ಹುಣ್ಣಿನ ಭಾಗಕ್ಕೆ ಭಾರ ಬೀಳದ ಪಾದರಕ್ಷೆ ಸಿಗುವವರೆಗೆ ತೋಟದ ಕೆಲಸ ನಿಲ್ಲಲೇಬೇಕು. ಕಪ್ಪಗೆ ಒಣಗಿದ ಪದರ ಇದ್ದರೆ ಫೋಮ್ ಹಾಕಬೇಡಿ, ಹೀರಲು ಅಲ್ಲಿ ದ್ರವವೇ ಇರುವುದಿಲ್ಲ.

ಪ್ರಶ್ನೆ: ಜಿಗಣೆ ಕಚ್ಚಿದ ಗಾಯದ ರಕ್ತ ನಿಲ್ಲುತ್ತಿಲ್ಲ. ಫೋಮ್ ಹಾಕಬಹುದೇ?
ಓದುಗರು, ಸೋಮವಾರಪೇಟೆ

ಉತ್ತರ: ಹಣ ದಂಡ. ಜಿಗಣೆಯ ಜೊಲ್ಲಿನಲ್ಲಿರುವ ಹಿರುಡಿನ್‌ನಂಥ ಪದಾರ್ಥ ರಕ್ತ ಹೆಪ್ಪುಗಟ್ಟದಂತೆ ತಡೆಯುವುದರಿಂದ ಗಂಟೆಗಟ್ಟಲೆ ಜಿನುಗಬಹುದು. ಸಾಬೂನು ನೀರಲ್ಲಿ ತೊಳೆದು, ಗಾಜ್ ಇಟ್ಟು ಹತ್ತು ಹದಿನೈದು ನಿಮಿಷ ನಡುವೆ ತೆಗೆದು ನೋಡದೆ ಒತ್ತಿ ಹಿಡಿಯಿರಿ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಾದರೆ ಕಾಯದೆ ವೈದ್ಯರಿಗೆ ತೋರಿಸಿ.