ಆಪರೇಷನ್ ಆದ ಮೇಲೆ ಅವ್ವ ತೀರಿಕೊಂಡರು, ಆಸ್ಪತ್ರೆ ಕಾಗದ ಕೊಡುತ್ತಿಲ್ಲ: ಎಲ್ಲಿಂದ ಶುರು ಮಾಡಬೇಕು?

ನೀವು ಬರೆದದ್ದು ಇಷ್ಟು. ಸೇಡಂ ಕಡೆಯವರು ನೀವು. ಕಲಬುರಗಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಅವ್ವನಿಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ಮರುದಿನದಿಂದ ಜ್ವರ, ಹೊಟ್ಟೆಯುಬ್ಬರ. ನಾಲ್ಕನೇ ದಿನ ಹೈದರಾಬಾದಿಗೆ ಕಳಿಸಿದರು. ಅಲ್ಲಿ ಮತ್ತೆ ಹೊಟ್ಟೆ ತೆರೆದರೂ ಉಳಿಯಲಿಲ್ಲ. ಪೋಸ್ಟ್‌ಮಾರ್ಟಂ ಮಾಡಿಸಿಲ್ಲ, ಮಣ್ಣು ಮಾಡಿ ಐದು ತಿಂಗಳಾಗಿದೆ. ಈಗ ಪೊಲೀಸ್ ಠಾಣೆಗೆ ಹೋಗಬೇಕೋ ಗ್ರಾಹಕ ಕೋರ್ಟಿಗೋ ಎಂದು ಕೇಳಿದ್ದೀರಿ.

ಮೊದಲು ಕೇಸ್ ಶೀಟ್ ಕೈಗೆ ಬರಲಿ, ಆಮೇಲೆ ಎಲ್ಲಿಗೆ ಅನ್ನುವುದು. ಇಂಥ ಪ್ರಕರಣ ನಿಲ್ಲುವುದೂ ಬೀಳುವುದೂ ಆ ಹಾಳೆಗಳ ಮೇಲೆಯೇ. ಡಿಸ್ಚಾರ್ಜ್ ಸಮ್ಮರಿ ಆಸ್ಪತ್ರೆ ಕೊನೆಗೆ ಕೂತು ಬರೆದ ಕಾಗದ. ನಿಮಗೆ ಬೇಕಾದದ್ದು ಆಯಾ ಹೊತ್ತಿಗೆ ಬರೆದ ಕಾಗದ: ನರ್ಸ್‌ಗಳ ನೋಟ್ಸ್, ಜ್ವರ-ನಾಡಿ-ಬಿಪಿ ಚಾರ್ಟ್, ಮೂತ್ರದ ಪ್ರಮಾಣದ ಚಾರ್ಟ್, ಔಷಧಿ ಚಾರ್ಟ್, ಆಪರೇಷನ್ ನೋಟ್ಸ್, ಅರಿವಳಿಕೆ ದಾಖಲೆ, ಸಹಿ ಹಾಕಿಸಿಕೊಂಡ ಒಪ್ಪಿಗೆ ಪತ್ರಗಳು, ಲ್ಯಾಬ್ ರಿಪೋರ್ಟ್, ಸ್ಕ್ಯಾನ್ ಫಿಲ್ಮ್, ರೆಫರಲ್ ಚೀಟಿ, ವಿವರವಾದ ಬಿಲ್.

ಅರ್ಜಿ ಬರವಣಿಗೆಯಲ್ಲೇ ಕೊಡಿ. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳ ಪ್ರಕಾರ ರೋಗಿ ಅಥವಾ ಅವರ ಪರವಾಗಿ ಅಧಿಕೃತರಾದವರು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಒಳರೋಗಿಯ ದಾಖಲೆಯನ್ನು ಮೂರು ವರ್ಷ ಕಾಪಾಡಬೇಕು. ಅರ್ಜಿಯ ಜೊತೆ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ತೆಗೆಸಿದ ವಂಶವೃಕ್ಷ ಮತ್ತು ನಿಮ್ಮ ಆಧಾರ್ ಪ್ರತಿ ಲಗತ್ತಿಸಿ. ನಿಮ್ಮ ಪ್ರತಿಯ ಮೇಲೆ ಆಸ್ಪತ್ರೆಯ ಸೀಲು, ತಾರೀಖು ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ಒಲ್ಲೆ ಅಂದರೆ ಅದೇ ದಿನ ಅಂಚೆಯಲ್ಲಿ ಕಳಿಸಿ ರಸೀದಿ, ತಲುಪಿದ ದಾಖಲೆ ಎರಡೂ ಇಟ್ಟುಕೊಳ್ಳಿ. ಆಮೇಲೂ ಕೊಡದಿದ್ದರೆ ಅದು ನಿಮಗೆ ನಷ್ಟವಲ್ಲ. ಕೇಳಿದರೂ ಕೊಡದ ಆಸ್ಪತ್ರೆಯ ವಿರುದ್ಧ ಗ್ರಾಹಕರ ಆಯೋಗ (ನೀವು ಹೇಳಿದ ಗ್ರಾಹಕ ಕೋರ್ಟು) ಪ್ರತಿಕೂಲ ಅರ್ಥ ಮಾಡಿಕೊಳ್ಳಬಹುದು, ದಾಖಲೆ ತರಿಸಲು ಆದೇಶ ಮಾಡುವ ಅಧಿಕಾರವೂ ಅದಕ್ಕಿದೆ. ಬಾಯಿಮಾತಿನಲ್ಲಿ ಹತ್ತು ಸಲ ಕೇಳಿದ್ದಕ್ಕೆ ಮಾತ್ರ ಯಾವ ಬೆಲೆಯೂ ಇಲ್ಲ.

ಪೋಸ್ಟ್‌ಮಾರ್ಟಂ ಇಲ್ಲದ್ದು ದೊಡ್ಡ ಕೊರತೆಯೇ. ಆದರೆ ನಿಮ್ಮ ವಿಷಯದಲ್ಲಿ ಅದನ್ನು ತುಂಬುವ ಒಂದು ದಾಖಲೆ ಇದೆ: ಹೈದರಾಬಾದಿನ ಆಪರೇಷನ್ ನೋಟ್. ಹೊಟ್ಟೆ ತೆರೆದಾಗ ಎಷ್ಟು ಕೀವು ಇತ್ತು, ಕರುಳಿನಲ್ಲಿ ಎಲ್ಲಿ ತೂತಿತ್ತು, ಕಟ್ಟಿದ ಜಾಗ ಬಿಚ್ಚಿತ್ತೋ ಎಂಬುದನ್ನು, ಮೊದಲ ಆಪರೇಷನ್ನಿನ ಜೊತೆ ಸಂಬಂಧವಿಲ್ಲದ ಸರ್ಜನ್ ಅಲ್ಲಿ ಬರೆದಿರುತ್ತಾರೆ. ಅಲ್ಲಿನ ಅಡ್ಮಿಷನ್ ನೋಟ್‌ನಲ್ಲಿ ಅವ್ವ ತಲುಪಿದಾಗಿನ ಬಿಪಿ, ನಾಡಿ, ಪ್ರಜ್ಞೆಯ ಸ್ಥಿತಿ ಇರುತ್ತದೆ. ಮೊದಲು ಅಲ್ಲಿಗೇ ಹೋಗಿ ಪೂರ್ತಿ ದಾಖಲೆ ತನ್ನಿ. ಆ ಆಸ್ಪತ್ರೆಯವರ ತಪ್ಪು ಕಾಣದಿದ್ದರೆ ಅವರನ್ನು ಸುಮ್ಮನೆ ಎದುರುದಾರರನ್ನಾಗಿ ಮಾಡಬೇಡಿ. ನಾಳೆ ನಿಮಗೆ ಸಾಕ್ಷಿಯಾಗಬೇಕಾದವರು ಅವರೇ. ಮಣ್ಣಿನಿಂದ ಶವ ತೆಗೆಸಿ ಪರೀಕ್ಷೆ ಮಾಡಿಸಲು ಕಾನೂನಿನಲ್ಲಿ ದಾರಿ ಇದೆ, ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಆದರೆ ಕರುಳಿನ ತೂತಿನಂಥ ಮೆದು ಭಾಗದ ವಿಷಯಕ್ಕೆ ಐದು ತಿಂಗಳ ಮೇಲೆ ಹೆಚ್ಚೇನೂ ಸಿಗುವುದಿಲ್ಲ. ಮನೆಯವರಿಗೆ ಆ ನೋವು ಬೇಡ ಎಂದೇ ನಾನು ಹೇಳುತ್ತೇನೆ.

ಕಾಗದ ಬಂದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಯಿರಿ: ಸಮಯ, ಅವ್ವನ ಸ್ಥಿತಿ, ಆಸ್ಪತ್ರೆ ಏನು ಮಾಡಿತು. ನಾಡಿ ಯಾವ ಗಂಟೆಯಿಂದ ಏರಿತು, ಮೂತ್ರ ಯಾವಾಗ ಕಡಿಮೆಯಾಯಿತು, ಬಿಳಿ ರಕ್ತಕಣ ಎಷ್ಟಿತ್ತು, ನರ್ಸ್ ಸರ್ಜನ್‌ಗೆ ಫೋನ್ ಮಾಡಿದ್ದು ಎಷ್ಟೊತ್ತಿಗೆ, ಸರ್ಜನ್ ಬಂದದ್ದು ಎಷ್ಟೊತ್ತಿಗೆ, ಸ್ಕ್ಯಾನ್ ಬರೆದದ್ದು ಯಾವಾಗ. ಮೆಡಿಕಲ್ ಶಾಪಿನ ಬಿಲ್ಲಿನ ಮೇಲಿನ ಸಮಯವನ್ನು ಔಷಧಿ ಚಾರ್ಟ್‌ಗೆ ಹೋಲಿಸಿ. ರಾತ್ರಿ 10ಕ್ಕೆ ಕೊಟ್ಟೆವು ಎಂದ ಇಂಜೆಕ್ಷನ್ ಬಿಲ್ ಮರುದಿನ ಬೆಳಿಗ್ಗೆ 9ರದ್ದಾಗಿದ್ದರೆ ವಿವರಣೆ ಕೇಳಬೇಕಾದ ಜಾಗ ಅದು. ಮೂರು ದಿನದ ನೋಟ್ಸ್ ಒಂದೇ ಪೆನ್ನಿನಲ್ಲಿ ಒಂದೇ ಕೈಯಲ್ಲಿ ಇದ್ದರೆ ಅದನ್ನೂ ಗುರುತು ಮಾಡಿ.

ರೋಗಿ ತೀರಿಕೊಂಡಿದ್ದೇ ನಿರ್ಲಕ್ಷ್ಯ ಆಗುವುದಿಲ್ಲ ಎಂಬುದನ್ನು ಮನಸ್ಸು ಗಟ್ಟಿ ಮಾಡಿ ಒಪ್ಪಿಕೊಳ್ಳಬೇಕು. ಅಪೆಂಡಿಕ್ಸ್ ಆಪರೇಷನ್ ಆದ ಮೇಲೆ ಸೋಂಕಾಗುವುದು ಒಳ್ಳೆಯ ಸರ್ಜನ್ ಕೈಯಲ್ಲೂ ನಡೆಯುತ್ತದೆ. ಪ್ರಶ್ನೆ ಇರುವುದು ಸೋಂಕಿನ ಲಕ್ಷಣ ಕಂಡಾಗ ಸಾಮಾನ್ಯ ಜಾಣ್ಮೆಯ ವೈದ್ಯರು ಮಾಡುವಷ್ಟನ್ನು ಮಾಡಿದರೋ ಇಲ್ಲವೋ, ಮಾಡದಿದ್ದದ್ದರಿಂದಲೇ ಜೀವ ಹೋಯಿತೋ ಎಂಬಲ್ಲಿ. ಎರಡನೆಯದನ್ನು ತೋರಿಸಲಾಗದೆ ಸೋಲುವ ಪ್ರಕರಣಗಳು ಬಹಳ. ಹಾಗಾಗಿ ದೂರಿನಲ್ಲಿ ‘ಡಾಕ್ಟರು ಕೊಂದರು’ ಎಂದು ಬರೆಯಬೇಡಿ. ‘ಎರಡನೇ ದಿನ ಸಂಜೆ ನಾಡಿ, ಜ್ವರ ಇಷ್ಟಿದ್ದರೂ ನಾಲ್ಕನೇ ದಿನದವರೆಗೆ ಸ್ಕ್ಯಾನ್ ಮಾಡಿಸಲಿಲ್ಲ’ ಎಂದು ಚಾರ್ಟಿನ ಪುಟ ಸಂಖ್ಯೆ ಸಮೇತ ಬರೆಯಿರಿ.

ತಜ್ಞರ ಅಭಿಪ್ರಾಯ ಪ್ರತಿ ಪ್ರಕರಣಕ್ಕೂ ಕಡ್ಡಾಯವಲ್ಲ ಎಂದು 2010ರ ಕಿಶನ್ ರಾವ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ನಿಮ್ಮಂಥದ್ದಕ್ಕೆ ಬೇಕೇ ಬೇಕು. ಇದೇ ಊರಿನ ಸರ್ಜನ್‌ಗಳು ಒಬ್ಬರ ವಿರುದ್ಧ ಒಬ್ಬರು ಬರೆದುಕೊಡಲು ಹಿಂಜರಿಯುತ್ತಾರೆ. ಹೊರಜಿಲ್ಲೆಯ ಅಥವಾ ನಿವೃತ್ತ ಸರ್ಜನ್ ಒಬ್ಬರಿಗೆ ಶುಲ್ಕ ಕೊಟ್ಟು ದಾಖಲೆ ತೋರಿಸಿ. ಆಗದಿದ್ದರೆ ಸರ್ಕಾರಿ ಮೆಡಿಕಲ್ ಕಾಲೇಜಿನ ತಜ್ಞರಿಂದ ಅಭಿಪ್ರಾಯ ತರಿಸುವಂತೆ ಆಯೋಗಕ್ಕೇ ಅರ್ಜಿ ಹಾಕಬಹುದು.

ಪರಿಹಾರಕ್ಕೆ ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗವೇ ಸರಿಯಾದ ಜಾಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹಾಗಾಗಿ ಸೊಲ್ಲಾಪುರ, ಹೈದರಾಬಾದಿನ ಆಸ್ಪತ್ರೆಯ ಮೇಲೂ ಬೀದರ್, ಯಾದಗಿರಿಯವರು ತಮ್ಮ ಊರಲ್ಲೇ ಹಾಕಲು ಬರುತ್ತದೆ. ನೀವು ಆಸ್ಪತ್ರೆಗೆ ಕಟ್ಟಿದ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ. 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೇ ಇಲ್ಲ. ಕೇಳುವ ಪರಿಹಾರ ಎಷ್ಟು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಆಸ್ಪತ್ರೆ, ಸರ್ಜನ್ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ‘ಅವರು ಹೊರಗಿನಿಂದ ಬಂದು ಹೋಗುವ ಡಾಕ್ಟರು’ ಎಂದು ಆಸ್ಪತ್ರೆ ಜಾರಿಕೊಳ್ಳಲು ನೋಡುತ್ತದೆ. ಆಯುಷ್ಮಾನ್ ಕಾರ್ಡಿನ ಮೇಲೆ ಚಿಕಿತ್ಸೆ ಆಗಿದ್ದರೆ, ಯೋಜನೆಯಿಂದ ಆಸ್ಪತ್ರೆಗೆ ಹಣ ಸಂದಿದೆ, ಇದು ಉಚಿತ ಸೇವೆಯಲ್ಲ ಎಂಬುದನ್ನು ದೂರಿನಲ್ಲೇ ಸ್ಪಷ್ಟವಾಗಿ ಬರೆಯಿರಿ. ಪರಿಹಾರದ ಲೆಕ್ಕಕ್ಕೆ ಪಹಣಿ, ಡೈರಿಗೆ ಹಾಲು ಹಾಕಿದ ಪಾಸ್‌ಬುಕ್, ಕೂಲಿಯ ದಾಖಲೆ ಏನಿದ್ದರೂ ಸೇರಿಸಿ. ಮನೆಗೆಲಸಕ್ಕೂ ಕೋರ್ಟು ಬೆಲೆ ಕಟ್ಟುತ್ತದೆ, ‘ಅವ್ವ ಗಳಿಸುತ್ತಿರಲಿಲ್ಲ’ ಎಂದು ಬಿಟ್ಟುಬಿಡಬೇಡಿ.

ಅವಧಿ ಎರಡು ವರ್ಷ. ಐದು ತಿಂಗಳು ಹೋಗಿದೆ. ಪೊಲೀಸರಿಗೆ ಅಥವಾ ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಟ್ಟ ಮಾತ್ರಕ್ಕೆ ಈ ಗಡುವು ನಿಲ್ಲುವುದಿಲ್ಲ. ‘ಅಲ್ಲಿ ತೀರ್ಮಾನ ಆಗಲಿ’ ಎಂದು ಕಾದು ಗಡುವು ಮೀರಿಸಿಕೊಳ್ಳಬೇಡಿ. ಪರಿಷತ್ತು ವೈದ್ಯರ ನೋಂದಣಿ ಅಮಾನತು ಮಾಡಬಹುದು, ಪರಿಹಾರ ಕೊಡಿಸಲಾರದು. ಪೊಲೀಸ್ ಪ್ರಕರಣ ಭಾರತೀಯ ನ್ಯಾಯ ಸಂಹಿತೆಯ 106(1)ರಡಿ, ವೈದ್ಯರಿಗೆ ಗರಿಷ್ಠ ಎರಡು ವರ್ಷ ಶಿಕ್ಷೆ. ಆದರೆ 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ಪ್ರಕಾರ ಘೋರ ನಿರ್ಲಕ್ಷ್ಯ ಇದ್ದರೆ ಮಾತ್ರ, ಅದೂ ಬೇರೆ ವೈದ್ಯರ ಅಭಿಪ್ರಾಯ ಪಡೆದ ಮೇಲೆ. ನಿಮ್ಮದರಲ್ಲಿ ತಡ ಮಾಡಿದ ಆರೋಪ ಮಾತ್ರ ಇರುವುದರಿಂದ ಆ ದಾರಿಗೆ ಶಕ್ತಿ ಹಾಕಬೇಡಿ. ಡಿಗ್ರಿ ಇಲ್ಲದವರು ಚಿಕಿತ್ಸೆ ಮಾಡಿದ್ದರೆ ಮಾತು ಬೇರೆ. ಹೋಮಿಯೋಪತಿಯವರು ಅಲೋಪತಿ ಔಷಧಿ ಕೊಟ್ಟದ್ದೇ ನಿರ್ಲಕ್ಷ್ಯ ಎಂದು 1996ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಇದೇ ಕಷ್ಟದಲ್ಲಿ ಇವತ್ತು ಇರುವವರು ಇದನ್ನು ಓದುತ್ತಿದ್ದರೆ: ಶವ ಇನ್ನೂ ಆಸ್ಪತ್ರೆಯಲ್ಲಿದ್ದರೆ ಠಾಣೆಗೆ ಲಿಖಿತ ದೂರು ಕೊಟ್ಟು ಪೋಸ್ಟ್‌ಮಾರ್ಟಂ ಕೇಳಿ. ಬಿಲ್ ಬಾಕಿ ಇದೆ ಎಂದು ಶವ ಹಿಡಿದಿಟ್ಟುಕೊಳ್ಳಲು ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಲ್ಲಿ ಅವಕಾಶವಿಲ್ಲ. ‘ಮುಂದೆ ಯಾವ ತಕರಾರಿಲ್ಲ’ ಎಂಬ ಕಾಗದಕ್ಕೆ ಸಹಿ ಹಾಕಬೇಡಿ. ಗಾಜು ಒಡೆಯುವುದು, ಕೈ ಮಾಡುವುದು ಖಂಡಿತ ಬೇಡ. ವೈದ್ಯಕೀಯ ಸಿಬ್ಬಂದಿ, ಆಸ್ಪತ್ರೆಗಳ ಮೇಲಿನ ಹಿಂಸೆ ತಡೆಯುವ ರಾಜ್ಯದ 2009ರ ಕಾಯ್ದೆಯಡಿ ಅದು ಜಾಮೀನಿಲ್ಲದ ಅಪರಾಧ, ಆಮೇಲೆ ಮಾತುಕತೆಯೆಲ್ಲ ನಿಮ್ಮ ಮೇಲಿನ ಕೇಸಿನ ಸುತ್ತಲೇ ನಡೆಯುತ್ತದೆ.

ವಕೀಲರಿಲ್ಲದೆಯೂ ದೂರು ಹಾಕಬಹುದು. ಆದರೆ ವೈದ್ಯರನ್ನು ಪ್ರಶ್ನಿಸುವ ಹಂತ ಬಂದಾಗ ಇಂಥ ಪ್ರಕರಣ ನಡೆಸಿದ ವಕೀಲರು ಬೇಕು. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ನೋಡದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ, ಸಹಾಯವಾಣಿ 15100. ನಿಮ್ಮ ಅಕ್ಕ ಅಥವಾ ತಂಗಿ ವಾರಸುದಾರರಾಗಿ ದೂರುದಾರರಾದರೆ ಈ ಸೌಲಭ್ಯ ಸಿಗುತ್ತದೆ. ನೋಟಿಸ್ ತಲುಪಿದ ಮೇಲೆ ಎದುರುದಾರರು 30 ದಿನದಲ್ಲಿ, ಹೆಚ್ಚೆಂದರೆ ಇನ್ನೂ 15 ದಿನ ಸೇರಿಸಿ, ಉತ್ತರ ಸಲ್ಲಿಸಬೇಕು. ನಡುವೆ ಆಸ್ಪತ್ರೆ ರಾಜಿಗೆ ಬಂದರೆ ಹೊರಗೆ ನಗದು ತೆಗೆದುಕೊಂಡು ಮುಗಿಸಬೇಡಿ, ಆಯೋಗದ ಮುಂದೆ ಬರೆಸಿ, ಹಣ ವಾರಸುದಾರರ ಖಾತೆಗೇ ಹಾಕಿಸಿ.